ಆರೂವರೆಯ ಧಾರಾವಾಹಿ, ಅಕ್ಕನ ಕಳಸ

ಕಳೆದ ತಿಂಗಳು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಗ್ರಂಥಿಗೆ ಅಂಗಡಿಯ ಮುಂದೆ ಒಣಶುಂಠಿಗೆಂದು ನಿಂತಿದ್ದೆ. ಅಂಗಡಿಯವರು ಇನ್ಯಾರಿಗೋ ಬಾವಂಚಿ ಬೀಜ ಕಟ್ಟಿಕೊಡಲು ಒಂದು ಡಬ್ಬದ ಮುಚ್ಚಳ ತೆಗೆದರು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಮೊಣಕೈಗೆ ಹೋಯಿತು. ಸೆರಗು ಸರಿಸಿ, ಬಿಸಿಲಿಗೆ ತಿರುಗಿಸಿ, ಚರ್ಮ ನೋಡಿಕೊಂಡೆ. ಏನೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಏನೂ ಬಂದಿಲ್ಲ. ಬಂದರೂ ಈ ವಯಸ್ಸಿನಲ್ಲಿ ನನ್ನನ್ನು ನೋಡಲು ಯಾವ ಗಂಡಿನ ಕಡೆಯವರೂ ಬರಬೇಕಾಗಿಲ್ಲ. ಆದರೂ ನೋಡಿಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನ ಹುಟ್ಟುಗುಣ ಗಾಬರಿ.

ಆ ವಾಸನೆ ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಹಿತ್ತಲಿನದು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಎದೆಮಟ್ಟದ ಗೋಡೆಯಿದ್ದ ಹಿತ್ತಲು. ಗೋಡೆಯಾಚೆ ಸೆಲ್ವಿಯಕ್ಕನ ಮನೆ. ಬೆಳಿಗ್ಗೆ ಬಿಸಿಲು ಏರುತ್ತಿದ್ದಂತೆ ಅಮ್ಮ ಹಿತ್ತಲಿನ ಹಗ್ಗಕ್ಕೆ ಒಂದು ಹಳೆಯ ಸೀರೆ ಇಳಿಬಿಡುತ್ತಿದ್ದಳು. ಅದರ ಮರೆಯಲ್ಲಿ ನನ್ನ ಅಕ್ಕ ಗಿರಿಜಾ ಕತ್ತಿಗೆ, ತುಟಿಯಂಚಿಗೆ, ಎರಡೂ ಕೈಗಳ ಬೆರಳಿಗೆ ಬಾವಂಚಿ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುತ್ತಿದ್ದಳು. ಹಚ್ಚಿದ ಜಾಗ ಕೆಂಪಾಗಿ ಒಮ್ಮೊಮ್ಮೆ ಗುಳ್ಳೆಯೇಳುತ್ತಿತ್ತು. ಉರಿಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಿಂದ ಮಾತ್ರ ಸದ್ದು ಬರುತ್ತಿರಲಿಲ್ಲ.

ಅಕ್ಕನಿಗೆ ತೊನ್ನು. ಈಗ ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಆಗ ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. "ಅದು" ಅನ್ನುತ್ತಿದ್ದೆವು. ಅದು ಸ್ವಲ್ಪ ಕಮ್ಮಿಯಾದ ಹಾಗಿದೆ, ಅದಕ್ಕೆ ಎಣ್ಣೆ ಹಚ್ಚಿದೆಯಾ, ಹೀಗೆ. ಶಿವಮೊಗ್ಗದ ಚರ್ಮದ ಡಾಕ್ಟರು ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ ಎಂದು ಬಿಡಿಸಿ ಹೇಳಿದ್ದರು. ಅಮ್ಮ ಅಲ್ಲಿ ತಲೆಯಾಡಿಸಿ ಬಂದು ಮಾರನೆಯ ದಿನವೇ ನಾಗರಕಲ್ಲಿಗೆ ಹಾಲೆರೆದಳು. ಮೀನು ತಿಂದು ಹಾಲು ಕುಡಿದರೆ ಹೀಗಾಗುತ್ತದೆ ಎಂದು ಯಾರೋ ಅಂದರು. ವಿಭೂತಿ ಹಚ್ಚುವ ಮನೆ ನಮ್ಮದು. ಸೆಲ್ವಿಯಕ್ಕ ಮೀನು ಹುರಿದರೆ ಅಜ್ಜಿ ಆ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಅಂಥದ್ದರಲ್ಲೂ ಅಮ್ಮ ಕೂತು ಯೋಚಿಸಿದಳು, ಗಿರಿಜಾ ಎಲ್ಲಾದರೂ ಗೊತ್ತಿಲ್ಲದೆ ತಿಂದಿದ್ದಳೇನೋ ಎಂದು.

ಅಕ್ಕ ಒಳ್ಳೆಯ ಟೈಲರ್. ಕ್ವಾರ್ಟರ್ಸಿನ ಅರ್ಧ ಹೆಂಗಸರ ರವಿಕೆ ಅವಳ ಮಿಷನ್ನಿನಿಂದಲೇ ಹೊರಬರುತ್ತಿತ್ತು. ಬೆರಳ ತುದಿ ಬೆಳ್ಳಗಾದ ಮೇಲೆ ಒಂದು ದಿನ ಎದುರು ಸಾಲಿನ ಮನೆಯ ಹಗ್ಗದ ಮೇಲೆ, ಅಕ್ಕ ಹಿಂದಿನ ಸಂಜೆಯಷ್ಟೇ ಹೊಲಿದುಕೊಟ್ಟ ನೀಲಿ ರವಿಕೆ ಒದ್ದೆಯಾಗಿ ನೇತಾಡುತ್ತಿತ್ತು. ಹಬ್ಬಕ್ಕೆಂದು ಹೊಲಿಸಿದ ಹೊಸ ರವಿಕೆಯನ್ನು ಯಾರಾದರೂ ಒಗೆದು ತೊಡುತ್ತಾರೆಯೇ? ಅಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಆಮೇಲೆ ಒಬ್ಬೊಬ್ಬರಾಗಿ "ಈ ಸಲ ಬೇರೆ ಕಡೆ ಕೊಟ್ವಿ ಕಣೇ" ಅನ್ನತೊಡಗಿದರು. ಅಕ್ಕ ಮೊಣಕೈಯಿಂದ ಮಣಿಕಟ್ಟಿನವರೆಗೂ ತೋಳಿಳಿಸಿದ ರವಿಕೆಗಳನ್ನು ತನಗಾಗಿ ಹೊಲಿದುಕೊಂಡಳು. ಮುಖಕ್ಕೆ ದಪ್ಪ ಪೌಡರು. ಭದ್ರಾವತಿಯ ಬಿಸಿಲಿಗೆ ಮಧ್ಯಾಹ್ನದೊಳಗೆ ಅದು ಬೆವರಲ್ಲಿ ಇಳಿದು ಕುತ್ತಿಗೆಗೆ ಬರುತ್ತಿತ್ತು.

ನನ್ನ ಭಯ ಬೇರೆ. ನಾನು ಅಲ್ಲೇ ಹತ್ತಿರದ ಶಿಶುವಿಹಾರದಲ್ಲಿ ಟೀಚರು. ಪಾಠ ಮುಗಿಸಿ ಕೈ ನೋಡಿಕೊಂಡರೆ ಎಲ್ಲಿ ನೋಡಿದರಲ್ಲಿ ಸೀಮೆಸುಣ್ಣದ ಬಿಳಿ. ಎದೆ ಧಸಕ್ಕೆನ್ನುತ್ತಿತ್ತು. ತೊಳೆಯುವವರೆಗೂ ಜೀವದಲ್ಲಿ ಜೀವವಿಲ್ಲ. ರೊಟ್ಟಿ ತಟ್ಟಿದ ದಿನವೂ ಅದೇ ಕಥೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸಣ್ಣ ಕನ್ನಡಿಯಲ್ಲಿ ಬೆನ್ನು ನೋಡಿಕೊಳ್ಳಲು ಹೋಗಿ ಕತ್ತು ಹಿಡಿದುಕೊಂಡದ್ದೂ ಉಂಟು. ಈ ಭಯವನ್ನು ಅಕ್ಕನ ಎದುರು ಆಡುವಂತಿರಲಿಲ್ಲ, ಅಮ್ಮನ ಎದುರೂ ಆಡುವಂತಿರಲಿಲ್ಲ. ಮನೆಯಲ್ಲಿ ಎಲ್ಲರೂ ಒಂದೇ ಭಯವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು ಪಡುತ್ತಿದ್ದೆವು.

ಇಂಥ ಮನೆಗೆ ಆ ಧಾರಾವಾಹಿ ಬಂತು.

ಸಂಜೆ ಆರೂವರೆಗೆ ಬರುತ್ತಿದ್ದ ಅದನ್ನು ನೋಡದ ಮನೆ ಕ್ವಾರ್ಟರ್ಸಿನಲ್ಲಿರಲಿಲ್ಲ. ಸಾರಿಗೆ ಒಗ್ಗರಣೆಯನ್ನೂ ಹೆಂಗಸರು ಅದಕ್ಕೆ ಮೊದಲೇ ಹಾಕಿ ಮುಗಿಸುತ್ತಿದ್ದರು. ಎಂದಿನಂತೆ ಒಬ್ಬ ಒಳ್ಳೆಯ ಹುಡುಗಿ, ಒಬ್ಬ ಗಂಡ, ಒಬ್ಬ ಜೋರು ಅತ್ತೆ. ಸುಖವಾಗಿ ಸಾಗುತ್ತಿದ್ದ ಕಥೆಯಲ್ಲಿ ಒಂದು ಸಂಜೆ ಆ ಹುಡುಗಿ ಕನ್ನಡಿಯ ಮುಂದೆ ನಿಂತು ಜಡೆ ಸರಿಸಿದಳು, ಕುತ್ತಿಗೆಯಲ್ಲಿ ಒಂದು ಬಿಳಿ ಮಚ್ಚೆ. ಸಂಗೀತ ಢಮಾರ್ ಅಂತು. ಅಮ್ಮ ಎದ್ದು ಟೀವಿ ಆರಿಸಿಬಿಟ್ಟಳು.

"ಯಾಕೆ ಆರಿಸ್ದೆ?" ಅಜ್ಜಿ ರೇಗಿದಳು. ಅಪ್ಪನ ತಾಯಿ ಅವಳು. ಟೀವಿಯ ಜನರನ್ನೆಲ್ಲ ನೆಂಟರೆಂದೇ ತಿಳಿದವಳು. ವಾರ್ತೆ ಓದುವವಳು ನಮಸ್ಕಾರ ಅಂದರೆ ತಾನೂ ಕೈಮುಗಿಯುತ್ತಿದ್ದಳು.

"ಕರೆಂಟು ಏರಿಳಿತ ಇದೆ ಅತ್ತೆ," ಅಂದಳು ಅಮ್ಮ.

ಗೋಡೆಯಾಚೆ ಸೆಲ್ವಿಯಕ್ಕನ ಟೀವಿ ಏರಿಳಿತವಿಲ್ಲದೆ ಅದೇ ಧಾರಾವಾಹಿಯನ್ನು ಹೇಳುತ್ತಲೇ ಇತ್ತು.

ಆಮೇಲಿನ ದಿನಗಳು ಯಾರಿಗೂ ಬೇಡ. ನಲ್ಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ಎಲ್ಲೆಲ್ಲೂ ಅದೇ ಮಾತು. "ಆ ಹುಡುಗಿಗೆ ತೊನ್ನಂತೆ, ಮುಂದೇನಾಗುತ್ತೋ." ಹೇಳುವವರ ಕಣ್ಣು ನಮ್ಮ ಕಡೆ ಒಮ್ಮೆ ಬಂದು ಹೋಗುತ್ತಿತ್ತು. ಇಷ್ಟು ದಿನ ಕಂಡೂ ಕಾಣದಂತಿದ್ದವರು ಈಗ ಅಕ್ಕನ ತುಟಿಯನ್ನೇ ನೋಡಿ ಮಾತಾಡುತ್ತಿದ್ದರು. ಟೀವಿಯವರು ನಮ್ಮ ಮನೆಯ ಸೀರೆಯ ಮರೆಯನ್ನೇ ಕಿತ್ತೆಸೆದರು ಎಂದು ನನಗೆ ವಿಪರೀತ ಸಿಟ್ಟು. ಅಮ್ಮನಂತೂ ಆರೂ ಇಪ್ಪತ್ತಕ್ಕೆ ಸರಿಯಾಗಿ ಟೀವಿಯ ಮುಂದೆ ಮೊರ ಹಿಡಿದು ಅಕ್ಕಿ ಆರಿಸಲು ಕೂತುಬಿಡುವಳು.

ಇದನ್ನು ಮುರಿದದ್ದು ಅಕ್ಕನೇ. ಒಂದು ಸಂಜೆ ಮಿಷನ್ನು ಬಿಟ್ಟು ಎದ್ದು ಬಂದು, "ಸರಿ ಅಮ್ಮ, ಹಾಕ್ತೀನಿ, ನೋಡೋಣ," ಎಂದು ತಾನೇ ಗುಂಡಿ ಒತ್ತಿದಳು. ನಮ್ಮದು ಕಪ್ಪುಬಿಳುಪು ಟೀವಿ. ಆ್ಯಂಟೆನಾ ಅಲುಗಿದರೆ ಅದರಲ್ಲಿ ಎಲ್ಲರ ಮುಖದ ಮೇಲೂ ಮಚ್ಚೆ. ಅಕ್ಕ ಹತ್ತಿರ ಹೋಗಿ ಬಗ್ಗಿ ಆ ಹುಡುಗಿಯ ಕತ್ತನ್ನು ನೋಡಿದಳು, ಬೇರೆಯವರು ಹೊಲಿದ ಕಾಲರನ್ನು ನೋಡುತ್ತಾಳಲ್ಲ, ಹಾಗೆ.

"ಸರಿಯಾಗಿ ಬಳಿದಿಲ್ಲ ಕಣೇ ಇವರು. ತೊನ್ನಿನ ಅಂಚು ಇಷ್ಟು ಗುಂಡಗಿರಲ್ಲ. ನಂದು ನೋಡು," ಎಂದು ತೋಳು ಮೇಲೆ ಮಾಡಿ ನನಗೆ ತೋರಿಸಿದಳು.

ಆ ಮಾತು ನಮ್ಮ ಮನೆಯಲ್ಲಿ ಮೊದಲ ಸಲ ಹೊರಬಿದ್ದದ್ದು ಹೀಗೆ. ಅಮ್ಮನ ಕೈಯ ಮೊರ ಅಲ್ಲೇ ನಿಂತಿತು. ಅಜ್ಜಿ ಮಾತ್ರ, "ಪಾಪ, ಆ ಹುಡುಗೀದು ಈಗಷ್ಟೇ ಶುರುವಾಗಿದೆ, ನಿಂದು ಹಳೇದು," ಅಂದಳು. ಅಕ್ಕ ನಕ್ಕಳು. ನಾನೂ ನಕ್ಕೆ. ಆಮೇಲೆ ಮೂವರೂ ಪ್ರತಿದಿನ ನೋಡತೊಡಗಿದೆವು. ಧಾರಾವಾಹಿಗಳ ಸಂಗತಿ ನಿಮಗೆ ಗೊತ್ತಲ್ಲ. ಕುತ್ತಿಗೆಯ ಮಚ್ಚೆ ಕೆನ್ನೆಗೆ ಬರಲು ವಾರಗಟ್ಟಲೆ ಹಿಡಿಯಿತು. ಅಕ್ಕನದು ಅದಕ್ಕಿಂತ ಬೇಗ ಬಂದಿತ್ತು. ಅಮ್ಮ ನಮ್ಮ ಜೊತೆ ಕೂರಲಿಲ್ಲ, ಅಡುಗೆಮನೆಯಲ್ಲೇ ಇರುತ್ತಿದ್ದಳು.

ಆ ವರ್ಷದ ಬೇಸಿಗೆಯ ಮೊದಲಲ್ಲಿ ನನಗೊಂದು ಸಂಬಂಧ ಬಂತು. ತಂದವಳು ಶಿವಮೊಗ್ಗದ ಕೋಟೆಯಲ್ಲಿದ್ದ ಅಪ್ಪನ ಅಕ್ಕ, ನಮ್ಮ ಕೋಟೆ ಅತ್ತೆ. ಹುಡುಗ ವಿನೋಬನಗರದವನು, ಹೆಸರು ಮಂಜುನಾಥ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದೊಡ್ಡವಳನ್ನು ಬಿಟ್ಟು ಚಿಕ್ಕವಳಿಗೆ ಮಾಡುವುದೇ ಊರಿನ ಬಾಯಿಗೆ ಆಹಾರ. ಅದರ ಮೇಲೆ ಆ ದೊಡ್ಡವಳಿಗೆ ತೊನ್ನು ಎಂದು ತಿಳಿದರೆ, ಇದು ರಕ್ತದಲ್ಲಿ ಬರುವಂಥದ್ದು, ನಾಳೆ ಮಕ್ಕಳಿಗೂ ಬರುತ್ತದೆ ಅನ್ನುತ್ತಾರೆ. ಇದೇ ಕಾರಣಕ್ಕೆ ಮೊದಲು ಬಂದಿದ್ದ ಒಂದು ಸಂಬಂಧ ಹೊಸ್ತಿಲು ದಾಟುವ ಮೊದಲೇ ತಿರುಗಿಹೋಗಿತ್ತು.

"ಸುಳ್ಳು ಹೇಳೋದೇನೂ ಬೇಡ ಮಾರಾಯ," ಅಂದಳು ಕೋಟೆ ಅತ್ತೆ ಅಪ್ಪನಿಗೆ. "ಅವತ್ತೊಂದು ಹೊತ್ತು ಗಿರಿಜಾ ಕಾಣಿಸದಿದ್ರೆ ಸಾಕು. ಕೇಳಿದ್ರೆ ಟೈಲರಿಂಗ್ ಕ್ಲಾಸಿಗೆ ಹೋಗಿದಾಳೆ ಅನ್ನಿ."

ಅಪ್ಪ ನೆಲ ನೋಡಿದ. ಅಕ್ಕನೇ, "ನಾನು ಸೆಲ್ವಿಯಕ್ಕನ ಮನೇಲಿರ್ತೀನಿ ಬಿಡಿ," ಅಂದಳು. ನನ್ನ ಸೀರೆಗೆ ಒಪ್ಪುವ ರವಿಕೆಯನ್ನು ಅವಳೇ ಹೊಲಿದಳು. ಅಳತೆ ತೆಗೆಯುವಾಗ ಅವಳ ಬೆರಳು ನನ್ನ ಭುಜದ ಮೇಲೆ ತಣ್ಣಗಿದ್ದದ್ದು ಇವತ್ತಿಗೂ ನೆನಪಿದೆ. ಬೇಡ ಅಕ್ಕ, ಹೋಗಬೇಡ ಎಂದು ಗಂಟಲವರೆಗೆ ಬಂತು, ಈ ಸಂಬಂಧವೂ ತಪ್ಪಿದರೆ ಎಂದು ಅದು ಅಲ್ಲೇ ಉಳಿಯಿತು.

ನಾಲ್ಕು ಗಂಟೆಗೆ ಬರಬೇಕಾದವರು ಬಂದದ್ದು ಆರು ದಾಟಿದ ಮೇಲೆ. ದಾರಿಯಲ್ಲಿ ಬಾಡಿಗೆ ಕಾರಿನ ಟೈರು ಪಂಕ್ಚರಾಗಿತ್ತಂತೆ. ಹುಡುಗ, ಅವನ ಅಪ್ಪ, ಅಮ್ಮ ಶಾಂತಮ್ಮ. ಆಕೆ ತುಂಬಿದ ಮೈಯ, ದೊಡ್ಡ ಕುಂಕುಮದ, ಬಾಯ್ತುಂಬ ಮಾತಾಡುವ ಹೆಂಗಸು. ಕೇಸರಿಬಾತು, ಉಪ್ಪಿಟ್ಟು ಆಯಿತು. ನನ್ನನ್ನು ಕೇಳುವುದನ್ನೆಲ್ಲ ಕೇಳಿದರು. ನನ್ನ ಕಿವಿಯೆಲ್ಲ ಹಿತ್ತಲಿನ ಗೋಡೆಯ ಕಡೆಗೆ. ಅಕ್ಕ ಕೆಮ್ಮಿದರೂ ಇಲ್ಲಿಗೆ ಕೇಳಿಸುತ್ತದೆ ಎಂದು ನನಗೆ ಕೂತಲ್ಲೇ ಬೆವರು. ಅಷ್ಟರಲ್ಲಿ ಶಾಂತಮ್ಮ ಗೋಡೆಯ ಗಡಿಯಾರ ನೋಡಿ ಚಡಪಡಿಸಿದರು.

"ತಪ್ಪು ತಿಳ್ಕೋಬೇಡಿ, ಒಂದರ್ಧ ಗಂಟೆ ಟೀವಿ ಹಾಕ್ತೀರಾ? ನಿನ್ನೆ ಆ ಹುಡುಗಿ ಬಿಂದಿಗೆ ಹತ್ರ ಹೋಗಿ ನಿಂತಿದ್ಲು. ಇವತ್ತು ಏನ್ ಮಾಡ್ತಾಳೋ ಏನೋ."

ಅಮ್ಮನ ಮುಖ ಬಿಳುಚಿತು. ಅಜ್ಜಿಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು. ಹುಡುಗಿ ನೋಡಲು ಬಂದವರು ಹುಡುಗಿಯನ್ನು ಬಿಟ್ಟು ಟೀವಿ ನೋಡುತ್ತ ಕೂತರು. ಆ ಸಂಜೆಯ ಕಂತಿನಲ್ಲಿ, ಮನೆತುಂಬ ನೆಂಟರಿದ್ದಾಗ, ಆ ಹುಡುಗಿ ಅಂಗಳದಲ್ಲಿ ಬಿಂದಿಗೆಯ ನೀರು ಎರಚಿಕೊಂಡು ಮುಖದ ಪೌಡರನ್ನೆಲ್ಲ ತೊಳೆದುಕೊಂಡಳು. ಇದೇ ನನ್ನ ಮುಖ, ಇನ್ನು ಮುಚ್ಚಲ್ಲ ಅಂದಳು. ಅತ್ತೆ ಹೊರಗೆ ಹೋಗು ಎಂದು ಬಾಗಿಲು ತೋರಿಸಿದಳು. ಅದೇ ಮಾತು, ಅದೇ ಸಂಗೀತ, ಗೋಡೆಯಾಚೆಯಿಂದಲೂ ಕೇಳುತ್ತಿತ್ತು. ಅಲ್ಲಿ ಅಕ್ಕನೂ ಇದನ್ನೇ ನೋಡುತ್ತಿದ್ದಾಳೆ ಎಂದುಕೊಂಡೆ.

ಶಾಂತಮ್ಮ ಗಳಗಳ ಅತ್ತರು. "ಎಂಥಾ ಕಲ್ಲುಮನಸ್ಸು ನೋಡಿ ಆ ಅತ್ತೇದು! ಅವಳ ಬಾಯಿಗೆ ಮಣ್ಣು ಹಾಕ!"

"ನೀವಾಗಿದ್ರೆ ಏನ್ ಮಾಡ್ತಿದ್ರಮ್ಮ?" ಅಜ್ಜಿ ಕೇಳಿದಳು.

"ನಾನಾ? ಕಣ್ಣಿಗೊತ್ಕೊಂಡು ನೋಡ್ಕೋತಿದ್ದೆ ಅಜ್ಜಿ. ಚರ್ಮದಲ್ಲೇನಿದೆ, ಗುಣ ಮುಖ್ಯ."

ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. ಅವಳು ಹಿತ್ತಲ ಕಡೆ ತಿರುಗಿದ್ದೇ ಏನು ಮಾಡಲಿದ್ದಾಳೆಂದು ನನಗೆ ಅರ್ಥವಾಯಿತು. ಟೀವಿಗಾಗಿ ಅತ್ತವರು ಮನುಷ್ಯರಿಗಾಗಿಯೂ ಅಳುತ್ತಾರೆ ಎಂದು ನಂಬುವವಳು ನಮ್ಮ ಅಜ್ಜಿಯೊಬ್ಬಳೇ. "ಗಿರಿಜಾ, ಕಾಫಿಯಾಗಿದೆ, ಬಂದು ಕೊಡು ಬಾರೇ," ಎಂದು ಗೋಡೆಯ ಮೇಲಿಂದ ಕೂಗಿದಳು.

ನಾನು ಕೂತಲ್ಲಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಅಕ್ಕ ಬಂದು ನಿಂತಳು. ಯಾರೂ ನೋಡುವುದಿಲ್ಲವೆಂದು ಪೌಡರು ಹಾಕಿರಲಿಲ್ಲ. ಸೆಲ್ವಿಯಕ್ಕನ ಮನೆಯಲ್ಲಿ ಏನೋ ಕೆಲಸ ಮಾಡುತ್ತ ತೋಳು ಮಡಚಿಕೊಂಡಿದ್ದಳು. "ಅಮ್ಮ, ಕೊಡ್ಲಾ?" ಅಂದಳು. ಅಮ್ಮ ಬೇಡ ಅನ್ನುತ್ತಾಳೆ ಎಂದುಕೊಂಡೆ. ಅಮ್ಮ ಅವಳ ಮುಖವನ್ನೇ ನೋಡುತ್ತ ಲೋಟಗಳಿಗೆ ಕಾಫಿ ಬಗ್ಗಿಸಿದಳು. ತಟ್ಟೆಯ ಮೇಲೆಲ್ಲ ಚೆಲ್ಲಿತು. ಹಾಗೇ ಎತ್ತಿ ಕೊಟ್ಟಳು.

"ಇವಳು ನನ್ನ ದೊಡ್ಡ ಮೊಮ್ಮಗಳು," ಅಂದಳು ಅಜ್ಜಿ ಸಡಗರದಿಂದ.

ಟೀವಿಯಲ್ಲಿ ಆಗ ಸೋಪಿನ ಜಾಹೀರಾತು. ಶಾಂತಮ್ಮನ ಕಣ್ಣಲ್ಲಿ ಇನ್ನೂ ನೀರಿತ್ತು. ಅವರು ಅಕ್ಕನ ತುಟಿ ನೋಡಿದರು, ತಟ್ಟೆ ಹಿಡಿದ ಬೆರಳು ನೋಡಿದರು, ನನ್ನನ್ನು ನೋಡಿದರು. ಲೋಟ ತೆಗೆದುಕೊಂಡರು. ಕುಡಿಯಲಿಲ್ಲ. ಕುರ್ಚಿಯ ಕೆಳಗೆ ಮೆಲ್ಲಗೆ ಇಟ್ಟುಬಿಟ್ಟರು. ನನ್ನ ಕಣ್ಣು ಆ ಲೋಟದ ಮೇಲೇ ನೆಟ್ಟಿತು. ಮಂಜುನಾಥ ತನ್ನ ಕಾಫಿ ಮುಗಿಸಿದ, ಬಗ್ಗಿ ತನ್ನ ಅಮ್ಮನ ಲೋಟವನ್ನೂ ಎತ್ತಿಕೊಂಡು ಅದನ್ನೂ ಕುಡಿದ. "ಊರಿಗೆ ಹೋಗಿ ತಿಳಿಸ್ತೀವಿ," ಎಂದು ಅವನಪ್ಪ ಎದ್ದರು. ಈ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಅವರ ಕಾರು ತಿರುವು ದಾಟುತ್ತಲೇ ಅಪ್ಪ ಅಜ್ಜಿಯ ಮೇಲೆ ಹರಿಹಾಯ್ದ. ಅಜ್ಜಿಗೆ ತನ್ನ ತಪ್ಪೇನೆಂದೇ ತಿಳಿಯಲಿಲ್ಲ. "ಅವಳೇ ಹೇಳಿದ್ಲಲ್ಲೋ, ಕಣ್ಣಿಗೊತ್ಕೋತೀನಿ ಅಂತ. ಬಾಯ್ಬಿಟ್ಟು ಹೇಳಿದ ಮೇಲೆ ಮತ್ತೇನು?" ಎಂದು ಅವಳೇ ನಮ್ಮನ್ನು ಕೇಳಿದಳು.

ಆಮೇಲೆ ಕಾಯುವ ಕೆಲಸ. ಫೋನು ಇದ್ದದ್ದು ಸೆಲ್ವಿಯಕ್ಕನ ಮನೆಯಲ್ಲಿ. ಅವರು ಗೋಡೆಯ ಮೇಲೆ ತಲೆಯಿಟ್ಟು "ಫೋನ್ ಬಂದಿದೆ, ವಾಂಗೋ!" ಎಂದು ತಮ್ಮ ತಮಿಳು ಬೆರೆಸಿ ಕರೆದಾಗಲೆಲ್ಲ ನಾನು ಕೈಕೆಲಸ ಬಿಟ್ಟು ಓಡುತ್ತಿದ್ದೆ. ಬರುತ್ತಿದ್ದದ್ದು ಇನ್ಯಾವುದೋ ಕರೆ. ಮನೆಯಲ್ಲಿ ತಲೆ ಮೇಲೆ ಕೈಹೊತ್ತು ಕೂರದವಳು ಅಕ್ಕ ಒಬ್ಬಳೇ. ಒಂದು ಬೆಳಿಗ್ಗೆ ತನ್ನ ಉದ್ದ ತೋಳಿನ ರವಿಕೆಗಳನ್ನೆಲ್ಲ ಮಿಷನ್ನಿನ ಮೇಲೆ ರಾಶಿ ಹಾಕಿ, ಮೊಣಕೈಗೆ ಅಳತೆಯಿಟ್ಟು ಕತ್ತರಿಸತೊಡಗಿದಳು. ಹಿತ್ತಲಿನ ಸೀರೆಯನ್ನೂ ಹಗ್ಗದಿಂದ ತೆಗೆದು ಮಡಚಿಟ್ಟಳು.

"ಎಣ್ಣೆ?" ಅಂದೆ.

"ಸಾಕು ಮಾರಾಯ್ತಿ, ಉರಿ ತಡೆಯಕ್ಕಾಗಲ್ಲ. ಆ ಹುಡುಗಿ ಮುಖ ತೊಳ್ಕೊಂಡ ಮೇಲೆ ಮತ್ತೆ ಪೌಡರ್ ಮುಟ್ಟಿಲ್ಲ, ನೋಡಿದ್ಯಾ?"

ಅವಳು ಕೈ ಕಾಣುವಂತೆ ಅಂಗಡಿಗೆ ಹೋಗಿಬಂದ ದಿನ ನಾನು ಕಿಟಕಿಯಲ್ಲಿ ನಿಂತು ಕಾದೆ, ಯಾರು ಏನಂದುಬಿಡುತ್ತಾರೋ ಎಂದು. ಯಾರೂ ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ನೋಡಿದರು, ಅಷ್ಟೆ. ಸೆಲ್ವಿಯಕ್ಕ ಅದೇ ವಾರ ಒಂದು ಹಳದಿ ಬಟ್ಟೆ ತಂದು ರವಿಕೆ ಹೊಲಿಸಿ, ಒಗೆಯದೆ ತೊಟ್ಟು, ಇಡೀ ಸಾಲಿಗೆ ತೋರಿಸಿಕೊಂಡು ಬಂದರು. ಅಜ್ಜಿ ಅವರ ಕಡೆಯ ಕಿಟಕಿ ಮುಚ್ಚುವುದನ್ನು ಬಿಟ್ಟಳು.

ಕೊನೆಗೆ ಕೋಟೆ ಅತ್ತೆಯೇ ಬಸ್ಸು ಹತ್ತಿ ಬಂದಳು. ಚಪ್ಪಲಿ ಬಿಡುತ್ತಲೇ, "ಒಪ್ಪಿದಾರೆ! ಹುಡುಗ ಇವಳನ್ನೇ ಆಗ್ತೀನಿ ಅಂತ ಕೂತಿದಾನಂತೆ," ಅಂದಳು. ಅಮ್ಮ ದೇವರ ಗೂಡಿನ ಕಡೆ ಕೈಮುಗಿದಳು. ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟು, ಅಕ್ಕನ ಕಡೆ ನೋಡದೆ ಮುಂದುವರಿಸಿದಳು. "ಒಂದೇ ಮಾತು ಹೇಳಿ ಕಳ್ಸಿದಾರೆ. ಕಳಸ ಗಿರಿಜಾ ಹಿಡಿಯೋದು ಬೇಡ, ಬೇರೆ ಯಾರಾದ್ರೂ ಹಿಡೀಲಿ. ಮದುವೆ ವಿಡಿಯೋದಲ್ಲೂ ಅವಳು ಬರೋದು ಬೇಡ. ಕ್ಯಾಸೆಟ್ಟು ಊರೋರೆಲ್ಲ ಟೀವೀಲಿ ಹಾಕ್ಕೊಂಡು ನೋಡ್ತಾರಂತೆ."

ನಮ್ಮಲ್ಲಿ ಮದುಮಗಳ ಪಕ್ಕ ತುಂಬಿದ ಕಳಸ ಹಿಡಿದು ನಿಲ್ಲುವವಳು ಕಳಸಗಿತ್ತಿ. ಒಡಹುಟ್ಟಿದವಳಿದ್ದರೆ ಆ ಜಾಗ ಅವಳದ್ದು, ಬೇರೆಯವರು ಕೇಳುವುದೂ ಇಲ್ಲ. ಧಾರೆಯಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಅವಳು ಪಕ್ಕ ಬಿಟ್ಟು ಕದಲಬಾರದು. ಟೀವಿಯ ಹುಡುಗಿಗಾಗಿ ನಮ್ಮ ಮನೆಯಲ್ಲಿ ಕೂತು ಅತ್ತ ಅದೇ ಶಾಂತಮ್ಮ ತಮ್ಮ ಟೀವಿಯಲ್ಲಿ ನನ್ನ ಅಕ್ಕ ಬರಬಾರದು ಅನ್ನುತ್ತಿದ್ದರು.

"ಆಯ್ತು ಬಿಡಿ ಅತ್ತೆ, ಕಳಸ ಯಾರು ಹಿಡಿದ್ರೇನು," ಎಂದು ಅಕ್ಕ ಒಳಗೆ ಹೋಗಿ ಮಿಷನ್ನು ತುಳಿಯತೊಡಗಿದಳು. ತುಂಬ ಹೊತ್ತು ತುಳಿದಳು. ಅಮ್ಮ ಎದ್ದು ಹೋಗಿ ಬಾಗಿಲಲ್ಲಿ ನಿಂತಳು, ನಾನೂ ಹಿಂದೆ ಹೋದೆ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಮಾರನೆಯ ದಿನ ಅಪ್ಪ ಶಿಫ್ಟಿಗೆ ಹೋಗುತ್ತಲೇ ಅಮ್ಮ ನನಗೆ, "ಸೀರೆ ಉಟ್ಕೋ, ವಿನೋಬನಗರಕ್ಕೆ ಹೋಗೋಣ," ಅಂದಳು. ಬಸ್ಸಿನಲ್ಲಿ ಕಿಟಕಿಯಾಚೆಯೇ ನೋಡುತ್ತ ಕೂತಳು. ಅಮ್ಮ ಏನು ಮಾಡಲಿದ್ದಾಳೆ ಎಂದು ಗೊತ್ತಾಗದೆ ನಾನು ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಮುದುರಿಹಾಕಿದ್ದೆ. ಶಾಂತಮ್ಮ ಬಾಗಿಲು ತೆರೆದು ಗಾಬರಿಯಾದರು. ಕೂರಿ ಅಂದರು. ಅವರ ಟೀವಿ ಕಲರಿನದು, ಮೇಲೆ ಕಸೂತಿಯ ಹೊದಿಕೆ.

"ಅವತ್ತು ನಮ್ಮನೇಲಿ ಕೂತು ಅತ್ರಲ್ಲ," ಅಮ್ಮ ನೇರ ಶುರುಮಾಡಿದಳು, "ಆ ಹುಡುಗಿ ಯಾರು ನಿಮಗೆ?"

"ಯಾರೂ ಅಲ್ಲ. ಸೀರಿಯಲ್ಲಿನ ಹುಡುಗಿ ಅಲ್ವಾ."

"ಅವಳದ್ದು ಬಣ್ಣ ಕಣ್ರೀ. ಸಂಜೆ ಮನೆಗೆ ಹೋಗಿ ಸೋಪು ಹಾಕಿ ತೊಳ್ಕೋತಾಳೆ. ನನ್ನ ಮಗಳದ್ದು ತೊಳೆದ್ರೆ ಹೋಗಲ್ಲ. ನೀವು ಅವಳಿಗೋಸ್ಕರ ಅಳೋದೇನೂ ಬೇಡ. ತಂಗಿ ಪಕ್ಕ ಕಳಸ ಹಿಡ್ಕೊಂಡು ನಿಲ್ಲಲಿ, ಅಷ್ಟು ಸಾಕು."

ಶಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನಾನೇನು ಕೆಟ್ಟವಳಲ್ಲ ಕಣಮ್ಮ. ನನಗೂ ಒಬ್ಬಳು ಮಗಳಿದಾಳೆ, ಕಾಲೇಜಿಗೆ ಹೋಗ್ತಿದಾಳೆ. ನಾಳೆ ಅವಳನ್ನ ನೋಡೋಕೆ ಬಂದೋರು ಆ ಕ್ಯಾಸೆಟ್ ನೋಡಿ, ಇವರ ನೆಂಟಸ್ತಿಕೇಲಿ ಇದಿದೆ ಅಂದ್ರೆ?"

"ಆ ಭಯ ನನಗೆ ಹೇಳ್ಬೇಡಿ. ಅದೇ ಭಯಕ್ಕೆ ನಾನು ಹೆತ್ತ ಮಗಳನ್ನ ಹಿತ್ತಲಲ್ಲಿ ಸೀರೆ ಮರೇಲಿ ಕೂರಿಸಿದ್ದೆ. ಆ ಸೀರಿಯಲ್ಲಲ್ಲಿ ಅವಳ ತಾಯಿ ಬಾಗಿಲ ಸಂದೀಲಿ ನಿಂತು ಸುಮ್ನೆ ನೋಡ್ತಾಳಲ್ಲ, ಮಗಳನ್ನ ಹೊರಗೆ ಹಾಕಿದಾಗ? ನಾನೂ ಅವತ್ತು ಅಡುಗೆಮನೆ ಬಾಗಿಲ ಸಂದೀಲಿ ನಿಂತು ಟೀವೀಲಿ ಆ ತಾಯೀನ ನೋಡಿದೆ. ಅವಳ ಹಾಗೆ ನಾನಿರಲ್ಲ. ಗಿರಿಜಾ ಕಳಸ ಹಿಡೀಬಾರದು ಅಂದ್ರೆ ಈ ಸಂಬಂಧ ಬೇಡ."

ಅಮ್ಮ ಅಡುಗೆಮನೆಯಲ್ಲಿದ್ದುಕೊಂಡೇ ಧಾರಾವಾಹಿ ನೋಡುತ್ತಿದ್ದಳು ಎಂದು ನನಗೆ ತಿಳಿದದ್ದು ಆಗ. ಶಾಂತಮ್ಮ ನನ್ನ ಕಡೆ ನೋಡಿದರು. "ಅಕ್ಕ ನಿಲ್ಲದಿದ್ರೆ ನಾನೂ ಹಸೆಗೆ ನಿಲ್ಲಲ್ಲ," ಅಂದೆ. ಇಷ್ಟು ಅಂದು ಎದ್ದು ಬಂದೆವು. ಹಿಂದಿನಿಂದ ಯಾರೂ ಕರೆಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಅಮ್ಮನ ಧೈರ್ಯವೆಲ್ಲ ಇಳಿದುಹೋಯಿತು. "ನಿನ್ನ ಬಾಳು ಹಾಳು ಮಾಡ್ಬಿಟ್ನಾ?" ಎಂದು ಭದ್ರಾವತಿ ಬರುವವರೆಗೂ ಕೇಳುತ್ತಿದ್ದಳು. ಅವಳ ಕೈ ಹಿಡಿದುಕೊಂಡೆ. ನನ್ನ ಕೈಯೂ ಅಷ್ಟೇ ತಣ್ಣಗಿತ್ತು.

ಕೆಲವು ದಿನ ಬಿಟ್ಟು ಕೋಟೆ ಅತ್ತೆ ಫೋನು ಮಾಡಿದಳು. ಮುಹೂರ್ತ ನೋಡಿಸಿ ಅಂದರಂತೆ. "ಕಳಸದ ವಿಷಯ?" ಅಮ್ಮ ಕೇಳಿದಳು. "ಅದರ ಬಗ್ಗೆ ತುಟಿ ಬಿಚ್ಚಲಿಲ್ಲ ಕಣೇ, ನಾನೂ ಕೆದಕಲಿಲ್ಲ." ಇದಕ್ಕಿಂತ ಬೇಡ ಅಂದಿದ್ದರೇ ನಿದ್ದೆಯಾದರೂ ಬರುತ್ತಿತ್ತು. ಹಸೆಮಣೆಯ ಎದುರು ಎಲ್ಲರ ಮುಂದೆ, "ಏಳಮ್ಮ ನೀನು," ಎಂದು ಅಕ್ಕನನ್ನು ಎಬ್ಬಿಸಿಬಿಟ್ಟರೆ? ಲಗ್ನಪತ್ರಿಕೆ ಹಂಚುವಾಗಲೂ, ಚಪ್ಪರದ ದಿನವೂ, ಅರಿಶಿನ ಹಚ್ಚುವಾಗಲೂ ನನ್ನ ತಲೆಯಲ್ಲಿ ಅದೊಂದೇ ಓಡುತ್ತಿತ್ತು.

ಮದುವೆ ಭದ್ರಾವತಿಯ ಛತ್ರದಲ್ಲಿ, ವೈಶಾಖದ ಸೆಕೆಯಲ್ಲಿ. ಅಕ್ಕ ಹಸಿರು ರೇಷ್ಮೆಯುಟ್ಟು, ಗಿಡ್ಡ ತೋಳಿನ ರವಿಕೆ ತೊಟ್ಟು, ಪೌಡರಿಲ್ಲದ ಮುಖದಲ್ಲಿ ಕಳಸ ಹಿಡಿದು ನನ್ನ ಬಲಕ್ಕೆ ನಿಂತಳು. ಬಾಸಿಂಗ ಕಟ್ಟಿ ತಲೆ ತಗ್ಗಿಸಿದ್ದ ನನಗೆ ಕಾಣುತ್ತಿದ್ದದ್ದು ತಾಮ್ರದ ಚೊಂಬನ್ನು ತಬ್ಬಿದ ಅವಳ ಬಿಳಿ ಬೆರಳುಗಳು ಮಾತ್ರ. ಸಭೆಯಲ್ಲಿ ಗುಸುಗುಸು ಶುರುವಾಗಿತ್ತು. ವಿಡಿಯೋದವನು ದುರ್ಗಿಗುಡಿಯಿಂದ ಬಂದವನು, ಅವನನ್ನು ಗೊತ್ತುಮಾಡಿದ್ದು ಗಂಡಿನ ಕಡೆಯವರು. ಅವನ ದೀಪದ ಬೆಳಕು ನನ್ನ ಮೇಲೆ ಬರುತ್ತಿತ್ತು, ಮಂಜುನಾಥನ ಮೇಲೆ ಹೋಗುತ್ತಿತ್ತು, ಅಕ್ಕನ ಹತ್ತಿರ ಬಂದು ಅವಳನ್ನು ಹಾರಿ ಕೋಟೆ ಅತ್ತೆಯ ಮೇಲೆ ಬೀಳುತ್ತಿತ್ತು. ಒಂದು ಸಲವಲ್ಲ, ಮತ್ತೆ ಮತ್ತೆ. ಯಾರಾದರೂ ಹೇಳಿದ್ದರೋ, ತಾನಾಗಿಯೇ ಮಾಡುತ್ತಿದ್ದನೋ ತಿಳಿಯಲಿಲ್ಲ. ಅಕ್ಕನಿಗೂ ಗೊತ್ತಾಗಿತ್ತು. ಚೊಂಬಿನ ಮೇಲೆ ಅವಳ ಬೆರಳು ಬಿಗಿಯುವುದನ್ನು ಕಂಡೆ.

ಆ ಕ್ಯಾಸೆಟ್ಟನ್ನು ಆಮೇಲೆ ಸೀಡಿ ಮಾಡಿಸಿದೆವು, ಈಗ ಮಗಳ ಮೊಬೈಲಿನಲ್ಲೂ ಇದೆ. ಮಂಜುನಾಥರನ್ನು ಆ ಎರಡನೆಯ ಲೋಟದ ಬಗ್ಗೆ ಕೇಳಿದರೆ, ಕಾಫಿ ಚೆನ್ನಾಗಿತ್ತು ಅಷ್ಟೆ ಅನ್ನುತ್ತಾರೆ. ಅಕ್ಕ ಭದ್ರಾವತಿಯಲ್ಲೇ ಅಂಗಡಿ ಇಟ್ಟಿದ್ದಾಳೆ, ನಾಲ್ಕು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ನನ್ನ ಅತ್ತೆ ಶಾಂತಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ನಿಮ್ಮಜ್ಜಿ ಅವತ್ತು ನನ್ನ ಮಾತಲ್ಲೇ ನನ್ನ ಕಟ್ಟಿಹಾಕಿದ್ಲು ಎಂದು ಸಾಯುವವರೆಗೂ ನನ್ನ ಮುಂದೆ ನಮ್ಮ ಅಜ್ಜಿಯನ್ನು ಬೈಯುತ್ತಲೇ ಇದ್ದರು. ಗ್ರಂಥಿಗೆ ಅಂಗಡಿಯಿಂದ ಬಂದ ಆ ದಿನ ವಿನೋಬನಗರದ ಮನೆಯಲ್ಲಿ ಒಬ್ಬಳೇ ಕೂತು ಆ ವಿಡಿಯೋ ಹಾಕಿಕೊಂಡೆ. ಮುಂದೇನೆಂದು ಗೊತ್ತಿದ್ದರೂ ನನಗೆ ಆ ಜಾಗ ಬಂದಾಗಲೆಲ್ಲ ಕೈ ಬೆವರುತ್ತದೆ. ವಾಲಗ ಜೋರಾಗುತ್ತದೆ, ಬೆಳಕು ನನ್ನಿಂದ ಹೊರಟು ಮತ್ತೆ ಅಕ್ಕನನ್ನು ಹಾರಿ ಹೋಗುತ್ತದೆ. ಆಗ ಚಿತ್ರದ ಹೊರಗಿನಿಂದ, ನಾದಸ್ವರದ ಮೇಲೆ, ನನ್ನ ಅತ್ತೆ ಶಾಂತಮ್ಮನ ಗಂಟಲು ಕೇಳುತ್ತದೆ.

"ಏ ಮಾರಾಯ, ದೀಪ ಈ ಕಡೆ ಹಿಡಿಯೋ! ಕಳಸ ಹಿಡಿದೋಳು ಕಾಣ್ತಾನೇ ಇಲ್ಲ."

ಬೆಳಕು ತಡವರಿಸಿ ಹಿಂದಕ್ಕೆ ಬರುತ್ತದೆ. ಅಕ್ಕ ಕಣ್ಣು ಕಿರಿದುಮಾಡಿ, ಅದರ ಕಡೆಗೆ ಮುಖವೆತ್ತುತ್ತಾಳೆ.